ಎಣಿಕೆಗೆ ಬಾರದ ಸಾವುಗಳು

ಮಲೆನಾಡಿನ ಸೆರಗಿನಲ್ಲಿರುವ ನಮ್ಮ ಊರಿನಲ್ಲಿ, ನಾನು ಪಿಯುಸಿ ಓದುತ್ತಿದ್ದ ವರ್ಷದ ಮಳೆಗಾಲದಲ್ಲಿ, ನಮ್ಮ ಗದ್ದೆಗೆ ನಾಟಿಗೆ ಬರುತ್ತಿದ್ದ ಹೆಣ್ಣುಮಗಳೊಬ್ಬರು ತೀರಿಕೊಂಡರು. ರಾತ್ರಿ ನೆಲದ ಮೇಲೆ ಚಾಪೆ ಹಾಸಿ ಮಲಗಿದ್ದವರು ನಡುರಾತ್ರಿ ಎದ್ದು ಹೊಟ್ಟೆನೋವೆಂದು ನರಳಿದರು. ಬೆಳಗಿನ ಜಾವದ ಹೊತ್ತಿಗೆ ಅವರ ಕಣ್ಣಿನ ರೆಪ್ಪೆಗಳು ಜೋತುಬಿದ್ದಿದ್ದವು, ಮಾತು ತೊದಲುತ್ತಿತ್ತು. ಎತ್ತಿನ ಗಾಡಿ ಹೂಡಿ ಪೇಟೆಯ ದಾರಿ ಹಿಡಿಯುವಷ್ಟರಲ್ಲಿ ಉಸಿರು ನಿಂತಿತು. ಮನೆಯವರು ಚಾಪೆ ಸುತ್ತಲು ಹೋದಾಗ ಅದರಡಿಯಿಂದ ಕಟ್ಟುಹಾವೊಂದು ಹರಿದು ಹೋಯಿತು.

ಸಾವನ್ನು ನೋಂದಾಯಿಸುವ ಅರ್ಜಿ ಬರೆಯಲು ಓದುಬರಹ ಬಲ್ಲ ಹುಡುಗನೆಂದು ನನ್ನನ್ನು ಕರೆದರು. ಸಾವಿನ ಕಾರಣ ಎಂಬ ಕಲಮಿನ ಬಳಿ ಬಂದಾಗ ನನ್ನ ದೊಡ್ಡಪ್ಪ ತಡೆದರು. ‘ಹಾವು ಅಂತ ಬರೆದರೆ ಪೊಲೀಸಿನವರು ಬರ್ತಾರೆ, ಹೆಣ ಕೊಯ್ಸಬೇಕಾಗುತ್ತೆ. ಹೊಟ್ಟೆನೋವು ಅಂತ ಬರಿ’ ಎಂದರು. ಸತ್ತವರ ಮಗನೂ ತಲೆಯಾಡಿಸಿದ. ನಾನು ಹಾಗೆಯೇ ಬರೆದೆ. ಗ್ರಾಮ ಲೆಕ್ಕಿಗರು ಅದನ್ನು ವಹಿಯಲ್ಲಿ ಏರಿಸಿದರು. ಯಾರಿಗೂ ಕೇಡು ಬಯಸದೆ ಆಡಿದ ಆ ಸುಳ್ಳಿನಿಂದ ಒಂದು ಸಾವು ಸರ್ಕಾರದ ಲೆಕ್ಕದಿಂದ ಮಾಯವಾಯಿತು. ಮುಂದೆ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತ ವಿದ್ಯಾರ್ಥಿಗಳಿಗೆ ‘ಅಂಕಿಗಳು ಸುಳ್ಳು ಹೇಳುವುದಿಲ್ಲ’ ಎಂದು ಹೇಳುವ ಧೈರ್ಯ ನನಗೆ ಎಂದೂ ಬರಲಿಲ್ಲ.

ಇದು ನನ್ನೊಬ್ಬನ ಕಥೆಯಾಗಿದ್ದರೆ ಇಲ್ಲಿ ಹೇಳುವ ಅಗತ್ಯವಿರಲಿಲ್ಲ. ದೇಶದ ಉದ್ದಗಲಕ್ಕೂ ಹೀಗೆಯೇ ನಡೆಯುತ್ತಿತ್ತು ಎಂಬುದನ್ನು ಸ್ವತಂತ್ರ ಸಂಶೋಧಕರ ತಂಡವೊಂದು 2011ರಲ್ಲಿ ಲೆಕ್ಕ ಸಹಿತ ತೋರಿಸಿಕೊಟ್ಟಿತು. ಸರ್ಕಾರದ ನೀತಿ ಯಾವ ಅಂಕಿಯ ಮೇಲೆ ನಿಲ್ಲಬೇಕು, ಆ ಅಂಕಿಯನ್ನು ಎಣಿಸಬೇಕಾದವರು ಯಾರು, ಎಣಿಸಿದ ಮೇಲೆ ಏನಾಗಬೇಕು ಎಂಬ ಪ್ರಶ್ನೆಗಳಿಗೆ ಹಾವು ಕಡಿತದ ಈ ಅಧ್ಯಯನಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ.

ಮೊದಲು ಅಧ್ಯಯನದ ವಿಧಾನವನ್ನು ಗಮನಿಸೋಣ. ಭಾರತದಲ್ಲಿ ಹೆಚ್ಚಿನ ಸಾವುಗಳು ಮನೆಯಲ್ಲಿಯೇ, ವೈದ್ಯರ ಪ್ರಮಾಣಪತ್ರವಿಲ್ಲದೆಯೇ ಸಂಭವಿಸುತ್ತವೆ. 2020ರಲ್ಲಿ ಕೂಡ ನೋಂದಣಿಯಾದ ಸಾವುಗಳ ಪೈಕಿ ವೈದ್ಯರು ಕಾರಣವನ್ನು ದೃಢೀಕರಿಸಿದ್ದು ಶೇ 22.5ರಷ್ಟನ್ನು ಮಾತ್ರ. ಉಳಿದವರು ಯಾವುದರಿಂದ ಸತ್ತರು ಎಂಬುದು ಸರ್ಕಾರಕ್ಕೆ ನೇರವಾಗಿ ತಿಳಿಯುವುದಿಲ್ಲ. ಈ ಕೊರತೆಯನ್ನು ತುಂಬಲು ಟೊರಾಂಟೊ ವಿಶ್ವವಿದ್ಯಾಲಯದ ಪ್ರಭಾತ್ ಝಾ ಮತ್ತವರ ಸಂಗಡಿಗರು ಭಾರತದ ಮಹಾ ನೋಂದಣಾಧಿಕಾರಿಗಳ ಕಚೇರಿಯೊಂದಿಗೆ ಸೇರಿ ‘ಮಿಲಿಯನ್ ಡೆತ್ ಸ್ಟಡಿ’ ಎಂಬ ಬೃಹತ್ ಅಧ್ಯಯನವನ್ನು ಕೈಗೊಂಡರು. ಹತ್ತು ಲಕ್ಷ ಸಾವುಗಳ ಕಾರಣವನ್ನು ಮನೆಮನೆಗೆ ಹೋಗಿ ಕೇಳಿ ತಿಳಿಯುವುದು ಅದರ ಗುರಿಯಾಗಿತ್ತು.

ಇದರ ತಂತ್ರ ತೀರ ಸರಳ. ಸರ್ಕಾರವೇ ಜನನ ಮರಣಗಳ ಪ್ರಮಾಣ ತಿಳಿಯಲು ದೇಶದಾದ್ಯಂತ ಸಾವಿರಾರು ಸಣ್ಣ ಪ್ರದೇಶಗಳನ್ನು ಲಾಟರಿಯಂತೆ ಆಯ್ದು ನಿರಂತರವಾಗಿ ಗಮನಿಸುತ್ತಿರುತ್ತದೆ. ಮಾದರಿ ನೋಂದಣಿ ವ್ಯವಸ್ಥೆ ಎಂದು ಅದರ ಹೆಸರು. ಅಂತಹ 6,671 ಪ್ರದೇಶಗಳಲ್ಲಿ 2001ರಿಂದ 2003ರವರೆಗೆ ಸಂಭವಿಸಿದ ಸುಮಾರು 1,23,000 ಸಾವುಗಳ ಮನೆಗಳಿಗೆ ಕ್ಷೇತ್ರ ಕಾರ್ಯಕರ್ತರು ಹೋದರು. ಅವರು ವೈದ್ಯರಲ್ಲ. ಸತ್ತವರ ಕೊನೆಯ ದಿನಗಳು ಹೇಗಿದ್ದವು, ಏನು ನೋವಿತ್ತು, ಎಷ್ಟು ಹೊತ್ತು ನರಳಿದರು ಎಂದು ಮನೆಯವರನ್ನು ಕೇಳಿ, ಅವರ ಮಾತಿನಲ್ಲಿಯೇ ಬರೆದುಕೊಂಡರು. ಆ ಬರಹವನ್ನು ತರಬೇತಿ ಪಡೆದ ಇಬ್ಬರು ವೈದ್ಯರು ಒಬ್ಬರಿಗೊಬ್ಬರು ತಿಳಿಯದಂತೆ ಓದಿ ಸಾವಿನ ಕಾರಣವನ್ನು ನಿರ್ಧರಿಸಿದರು. ಇಬ್ಬರ ಅಭಿಪ್ರಾಯ ಬೇರೆಯಾದರೆ ಮರುಪರಿಶೀಲನೆ. ಆಗಲೂ ಹೊಂದದಿದ್ದರೆ ಮತ್ತೊಬ್ಬರ ತೀರ್ಪು. ಮಾತಿನ ಮೂಲಕ ನಡೆಸುವ ಮರಣೋತ್ತರ ಪರೀಕ್ಷೆ ಎಂದು ಇದನ್ನು ಕರೆಯಬಹುದು.

ಇಲ್ಲಿ ಪೊಲೀಸರಿಲ್ಲ, ಕತ್ತರಿಯಿಲ್ಲ, ಹೆಣದ ಪೆಟ್ಟಿಗೆಯಿಲ್ಲ. ನಮ್ಮ ದೊಡ್ಡಪ್ಪನವರು ಹೆದರಿದ್ದ ಯಾವುದೂ ಇಲ್ಲ. ಆದ್ದರಿಂದಲೇ ಜನ ನಿಜ ಹೇಳಿದರು. ಒಟ್ಟು ಸಾವುಗಳ ಪೈಕಿ 562 ಸಾವುಗಳಿಗೆ ಹಾವಿನ ಕಡಿತವೇ ಕಾರಣವೆಂದು ಗೊತ್ತಾಯಿತು. ಇದನ್ನು ಇಡೀ ದೇಶಕ್ಕೆ ಅನ್ವಯಿಸಿ ಲೆಕ್ಕ ಹಾಕಿದಾಗ 2005ರ ಒಂದೇ ವರ್ಷದಲ್ಲಿ ಸುಮಾರು 45,900 ಮಂದಿ ಹಾವು ಕಡಿದು ಸತ್ತಿದ್ದರು ಎಂಬ ಅಂದಾಜು ದೊರೆಯಿತು. ಆಸ್ಪತ್ರೆಗಳಿಂದ ಬಂದ ಅಧಿಕೃತ ಲೆಕ್ಕಕ್ಕಿಂತ ಇದು ಮೂವತ್ತು ಪಟ್ಟಿಗೂ ಹೆಚ್ಚು. ಅಂದರೆ ಸರ್ಕಾರದ ಕಡತದಲ್ಲಿ ಒಂದೂವರೆ ಸಾವಿರದಷ್ಟಿದ್ದ ಸಾವು, ಮನೆಯ ಜಗಲಿಯಲ್ಲಿ ಕುಳಿತು ಕೇಳಿದಾಗ ನಲವತ್ತೈದು ಸಾವಿರವನ್ನು ದಾಟಿತು.

ಈ ಅಂಕಿಯನ್ನು ಚರಿತ್ರೆಯ ಪಕ್ಕದಲ್ಲಿಟ್ಟು ನೋಡಿದರೆ ನಾಚಿಕೆಯಾಗುತ್ತದೆ. ಬ್ರಿಟಿಷ್ ಆಡಳಿತದಲ್ಲಿ ಸೇನಾ ವೈದ್ಯನಾಗಿದ್ದ ಜೋಸೆಫ್ ಫೇರರ್ 1869ರಲ್ಲಿ ದೇಶದ ಒಂದು ಭಾಗದಿಂದ ಮಾತ್ರ ವರದಿ ತರಿಸಿಕೊಂಡು 11,416 ಸಾವುಗಳನ್ನು ಲೆಕ್ಕ ಹಾಕಿದ್ದ. ಒಂದೂಕಾಲು ಶತಮಾನಕ್ಕೂ ಮಿಕ್ಕಿದ ಕಾಲ ಕಳೆದ ಮೇಲೆ, ಸ್ವತಂತ್ರ ಭಾರತದ ಆಸ್ಪತ್ರೆಯ ಲೆಕ್ಕಗಳು ಅದರ ಹತ್ತಿರಕ್ಕೂ ಬರುತ್ತಿರಲಿಲ್ಲ. ಹಾವುಗಳೇನೂ ಸಾಧುವಾಗಿರಲಿಲ್ಲ. ನಾವು ಎಣಿಸುವುದನ್ನು ಆಸ್ಪತ್ರೆಯ ಬಾಗಿಲಿನಿಂದ ಒಳಕ್ಕೆ ಮಾತ್ರ ಸೀಮಿತಗೊಳಿಸಿದ್ದೆವು. ಆಸ್ಪತ್ರೆಯನ್ನು ತಲುಪಲಾಗದೆ ಸತ್ತವನು ಆಸ್ಪತ್ರೆಯ ಲೆಕ್ಕದಲ್ಲಿ ಬರುವುದಾದರೂ ಹೇಗೆ?

ಸಂಖ್ಯೆಯಷ್ಟೇ ಅಲ್ಲ, ಸತ್ತವರು ಯಾರು ಎಂಬುದನ್ನೂ ಈ ಅಧ್ಯಯನ ತಿಳಿಸಿತು. ಶೇ 97ರಷ್ಟು ಸಾವುಗಳು ಹಳ್ಳಿಗಳಲ್ಲಿ ಸಂಭವಿಸಿದ್ದವು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ಸಾವು ಏರುತ್ತಿತ್ತು. ಹದಿನೈದರಿಂದ ಇಪ್ಪತ್ತೊಂಬತ್ತರ ವಯಸ್ಸಿನವರೇ ಕಾಲು ಭಾಗದಷ್ಟಿದ್ದರು. ಗದ್ದೆಗೆ ಇಳಿದವರು, ಸೌದೆಗೆ ಹೋದವರು, ನೆಲದ ಮೇಲೆ ಮಲಗಿದವರು, ಅಂದರೆ ದುಡಿಯುವ ಮನೆಯ ದುಡಿಯುವ ಕೈಗಳು. ಅದೇ ಅಧ್ಯಯನದ ಮುಂದುವರಿಕೆಯಾಗಿ 2020ರಲ್ಲಿ ಪ್ರಕಟವಾದ ಪ್ರಬಂಧ, 2000ದಿಂದ 2019ರವರೆಗಿನ ಇಪ್ಪತ್ತು ವರ್ಷಗಳಲ್ಲಿ ಭಾರತದಲ್ಲಿ ಸುಮಾರು 12 ಲಕ್ಷ ಮಂದಿ, ವರ್ಷಕ್ಕೆ ಸರಾಸರಿ 58,000 ಮಂದಿ, ಹಾವು ಕಡಿತಕ್ಕೆ ಬಲಿಯಾದರೆಂದು ಅಂದಾಜು ಮಾಡಿತು. ಅವರಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಮಂದಿ ಹದಿನೈದು ವರ್ಷದೊಳಗಿನ ಮಕ್ಕಳು.

ಒಂದು ಅಂಕಿ ಸರಿಯಾದರೆ ಏನಾಗುತ್ತದೆ ಎಂದು ಕೇಳುವವರಿದ್ದಾರೆ. ಒಂದೂವರೆ ಸಾವಿರ ಸಾವು ಎಂದರೆ ಅದು ದುರದೃಷ್ಟ; ನಲವತ್ತೈದು ಸಾವಿರ ಸಾವು ಎಂದರೆ ಅದು ಆರೋಗ್ಯ ಇಲಾಖೆಯ ಹೊಣೆ. ವ್ಯತ್ಯಾಸ ಇಷ್ಟೇ, ಆದರೆ ಎಲ್ಲವೂ ಇದರಲ್ಲಿಯೇ ಇದೆ. ವಿಷಮದ್ದನ್ನು ಎಷ್ಟು ತಯಾರಿಸಬೇಕು, ಅದನ್ನು ಜಿಲ್ಲಾ ಆಸ್ಪತ್ರೆಯಲ್ಲಿಡಬೇಕೋ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಡಬೇಕೋ, ಯಾವ ತಿಂಗಳಿನಲ್ಲಿ ದಾಸ್ತಾನು ಹೆಚ್ಚಿಸಬೇಕು, ಯಾವ ವೈದ್ಯರಿಗೆ ತರಬೇತಿ ಕೊಡಬೇಕು ಎಂಬ ಪ್ರತಿಯೊಂದು ತೀರ್ಮಾನವೂ ಈ ಸಂಖ್ಯೆಯನ್ನು ಅವಲಂಬಿಸಿದೆ. ಇಲ್ಲದ ಕಾಯಿಲೆಗೆ ಯಾವ ಹಣಕಾಸು ಇಲಾಖೆಯೂ ದುಡ್ಡು ಕೊಡುವುದಿಲ್ಲ.

ಮುಂದಿನ ದಾರಿ ಮಾತ್ರ ಬಹಳ ನಿಧಾನವಾಗಿ ಸಾಗಿತು. ವಿಶ್ವ ಆರೋಗ್ಯ ಸಂಸ್ಥೆಯು ಹಾವು ಕಡಿತವನ್ನು ಅಲಕ್ಷಿತ ಉಷ್ಣವಲಯದ ಕಾಯಿಲೆಗಳ ಆದ್ಯತೆಯ ಪಟ್ಟಿಗೆ ಸೇರಿಸಿದ್ದು 2017ರಲ್ಲಿ. 2030ರ ಹೊತ್ತಿಗೆ ಸಾವು ಮತ್ತು ಅಂಗವೈಕಲ್ಯಗಳನ್ನು ಅರ್ಧಕ್ಕಿಳಿಸುವ ಗುರಿಯನ್ನು ಅದು 2019ರಲ್ಲಿ ಪ್ರಕಟಿಸಿತು. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಅದರ ಮರುತಿಂಗಳು ಕೇಂದ್ರ ಸರ್ಕಾರ ರಾಷ್ಟ್ರೀಯ ಕ್ರಿಯಾ ಯೋಜನೆಯನ್ನು ಹೊರತಂದಿತು. ಅದೇ ವರ್ಷದ ನವೆಂಬರ್‌ನಲ್ಲಿ ಎಲ್ಲ ರಾಜ್ಯಗಳೂ ಕಡ್ಡಾಯ ವರದಿಯ ಕ್ರಮ ಅನುಸರಿಸಬೇಕೆಂದು ಕೋರಿತು. ಚಿಕಿತ್ಸೆಯ ಮಾರ್ಗಸೂಚಿಗಳು ಇದಕ್ಕೂ ಮೊದಲೇ ಇದ್ದವು ಎಂಬುದು ನಿಜ. ಆದರೆ ಸಂಶೋಧನೆಯ ಪ್ರಕಟಣೆಗೂ ದೇಶದ ಸಮಗ್ರ ಯೋಜನೆಗೂ ನಡುವೆ ಹದಿಮೂರು ವರ್ಷಗಳು ಉರುಳಿದವು. ವರ್ಷಕ್ಕೆ 58,000ದ ಸರಾಸರಿಯನ್ನೇ ಹಿಡಿದರೆ ಈ ಕಾಯುವಿಕೆಯಲ್ಲಿ ಏಳು ಲಕ್ಷಕ್ಕೂ ಹೆಚ್ಚು ಜೀವಗಳು ಹೋಗಿರಬೇಕು.

ಈ ಅಧ್ಯಯನ ಪೂರ್ತಿಯಾಗಿ ಸ್ವತಂತ್ರವೇ ಎಂಬ ಆಕ್ಷೇಪವನ್ನು ನಾನು ಬಲ್ಲೆ. ಸರ್ಕಾರದ ಮಾದರಿ ಚೌಕಟ್ಟು, ಸರ್ಕಾರದ ಗಣತಿ ಸಿಬ್ಬಂದಿ ಅದರಲ್ಲಿ ಇದ್ದರು. ಕೆನಡಾ ಮತ್ತು ಅಮೆರಿಕದ ಸಂಶೋಧನಾ ನೆರವೂ ಇತ್ತು. ಸ್ವಾತಂತ್ರ್ಯ ಎಂದರೆ ಸರ್ಕಾರದಿಂದ ದೂರವಿರುವುದು ಎಂದು ಅರ್ಥ ಮಾಡಿಕೊಂಡರೆ ಈ ಆಕ್ಷೇಪ ಸರಿ. ನನ್ನ ತಿಳಿವಳಿಕೆಯಲ್ಲಿ ಅದರ ಅರ್ಥ ಬೇರೆ. ಎಣಿಕೆಯ ಫಲ ಏನೇ ಬರಲಿ, ಅದರಿಂದ ಎಣಿಸುವವನ ಬಡ್ತಿಗೂ ವರ್ಗಾವಣೆಗೂ ಕುತ್ತು ಬರಬಾರದು. ಬಂದ ಫಲವನ್ನು ಪ್ರಕಟಿಸಲು ಯಾರ ಅಪ್ಪಣೆಯೂ ಬೇಕಾಗಬಾರದು. ಬೇರೆ ಪಂಡಿತರು ಅದನ್ನು ಪರೀಕ್ಷಿಸಿ ತಪ್ಪು ಹಿಡಿಯಲು ಅವಕಾಶವಿರಬೇಕು. ಈ ಮೂರು ಇದ್ದಲ್ಲಿ ಸ್ವಾತಂತ್ರ್ಯವಿದೆ. ತಾಲ್ಲೂಕಿನಲ್ಲಿ ಶಿಶುಮರಣ ಹೆಚ್ಚಾದರೆ ನೋಟಿಸು ಪಡೆಯುವ ಅಧಿಕಾರಿಯೇ ಶಿಶುಮರಣದ ಲೆಕ್ಕವನ್ನೂ ಕೊಡಬೇಕೆಂದರೆ, ಆ ಲೆಕ್ಕ ವರ್ಷದಿಂದ ವರ್ಷಕ್ಕೆ ಇಳಿಯುತ್ತಲೇ ಹೋಗುವುದು ಆಶ್ಚರ್ಯವಲ್ಲ. ಪರೀಕ್ಷೆ ಬರೆದವನೇ ಉತ್ತರಪತ್ರಿಕೆ ತಿದ್ದಿದರೆ ನಪಾಸಾಗುವವರು ಯಾರು?

ಶಿಶುಮರಣದ ಮಾತು ಬಂದುದರಿಂದ ಗಡ್‌ಚಿರೋಲಿಯನ್ನು ನೆನೆಯಲೇಬೇಕು. ಮಹಾರಾಷ್ಟ್ರದ ಈ ಆದಿವಾಸಿ ಜಿಲ್ಲೆಯಲ್ಲಿ ವೈದ್ಯ ದಂಪತಿ ಅಭಯ್ ಬಂಗ್ ಮತ್ತು ರಾಣಿ ಬಂಗ್ ಅವರು ಎಂಬತ್ತರ ದಶಕದಲ್ಲಿ ‘ಸರ್ಚ್’ ಸಂಸ್ಥೆಯನ್ನು ಕಟ್ಟಿದರು. ಎರಡು ಹಳ್ಳಿಗಳ 650 ಮಹಿಳೆಯರನ್ನು ಪರೀಕ್ಷಿಸಿದಾಗ ಶೇ 92ರಷ್ಟು ಮಂದಿಗೆ ಸ್ತ್ರೀರೋಗಗಳಿದ್ದುವೆಂದೂ, ಅದಕ್ಕೂ ಮೊದಲು ಅಂತಹ ತಪಾಸಣೆಗೆ ಒಳಗಾದವರು ಶೇ 8ರಷ್ಟು ಮಾತ್ರವೆಂದೂ ತಿಳಿಯಿತು. 1989ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅದು ಪ್ರಕಟವಾಗುವವರೆಗೆ ಹಳ್ಳಿಯ ಹೆಣ್ಣಿನ ಆರೋಗ್ಯವೆಂದರೆ ಬಸಿರು, ಬಾಣಂತನ ಮತ್ತು ಸಂತಾನಶಕ್ತಿಹರಣ ಎಂದಷ್ಟೇ ನಮ್ಮ ಯೋಜನೆಗಳು ತಿಳಿದಿದ್ದವು.

ಅವರ ಮುಂದಿನ ಕೆಲಸ ನವಜಾತ ಶಿಶುಗಳ ಕುರಿತದ್ದು. ಹಳ್ಳಿಯ ಹೆಂಗಸರಿಗೇ ತರಬೇತಿ ಕೊಟ್ಟು, ಮನೆಗೆ ಹೋಗಿ ಕೂಸನ್ನು ತೂಗುವುದು, ಬೆಚ್ಚಗಿಡುವುದು, ನಂಜಿನ ಲಕ್ಷಣ ಗುರುತಿಸಿ ಔಷಧಿ ಮತ್ತು ಚುಚ್ಚುಮದ್ದು ಕೊಡುವುದನ್ನು ಕಲಿಸಿದರು. 39 ಹಳ್ಳಿಗಳಲ್ಲಿ ಈ ಕ್ರಮ ನಡೆಯಿತು. 47 ಹಳ್ಳಿಗಳನ್ನು ಹೋಲಿಕೆಗಾಗಿ ಗಮನಿಸಲಾಯಿತು. ಮೊದಲ ಗುಂಪಿನಲ್ಲಿ ಸಾವಿರ ಜನನಕ್ಕೆ 62ರಷ್ಟಿದ್ದ ನವಜಾತ ಶಿಶುಮರಣ ಮೂರನೆಯ ವರ್ಷಕ್ಕೆ 25.5ಕ್ಕೆ ಇಳಿಯಿತು. ಹೋಲಿಕೆಯ ಹಳ್ಳಿಗಳಲ್ಲಿ ಅದು 58ರಿಂದ 60ರ ಆಸುಪಾಸಿನಲ್ಲಿಯೇ ಉಳಿಯಿತು. 1999ರ ಕೊನೆಯಲ್ಲಿ ಪ್ರಕಟವಾದ ಈ ಫಲಿತಾಂಶದ ಆಧಾರದ ಮೇಲೆ, 2011ರಲ್ಲಿ ಕೇಂದ್ರ ಸರ್ಕಾರ ಆಶಾ ಕಾರ್ಯಕರ್ತೆಯರ ಮೂಲಕ ಮನೆಯಲ್ಲೇ ನವಜಾತ ಶಿಶು ಆರೈಕೆಯ ಯೋಜನೆಯನ್ನು ಜಾರಿಗೊಳಿಸಿತು. ಹೆರಿಗೆಯಾದ ಮನೆಗೆ ಇಂದು ಆಶಾ ಕಾರ್ಯಕರ್ತೆ ಮೂರನೆಯ, ಏಳನೆಯ, ಹದಿನಾಲ್ಕನೆಯ ದಿನ ಎಂದು ಎಣಿಸಿಕೊಂಡು ಬರುವುದರ ಹಿಂದೆ ಗಡ್‌ಚಿರೋಲಿಯ ಆ ಹಳ್ಳಿಗಳಿವೆ.

ಆದರೆ ನೀತಿಯಾಗಿ ಬಂದಾಗ ಆ ಪ್ರಯೋಗ ಮೂಲದ ರೂಪದಲ್ಲಿ ಉಳಿಯಲಿಲ್ಲ. ಹಳ್ಳಿಯ ಹೆಣ್ಣುಮಗಳು ಚುಚ್ಚುಮದ್ದು ಕೊಡುವುದನ್ನು ವೈದ್ಯಲೋಕ ಒಪ್ಪಲಿಲ್ಲ. ಆಶಾ ಕಾರ್ಯಕರ್ತೆಗೆ ಆ ಅಧಿಕಾರ ಸಿಗಲಿಲ್ಲ. ಆಸ್ಪತ್ರೆಗೆ ಕಳುಹಿಸಲಾಗದ ಸಂದರ್ಭದಲ್ಲಿ ಕಿರಿಯ ಆರೋಗ್ಯ ಸಹಾಯಕಿಯರು ಕೊಡಬಹುದೆಂಬ ಮಾರ್ಗಸೂಚಿ ಬಂದದ್ದು 2014ರಲ್ಲಿ. ದೇಶದ ನವಜಾತ ಶಿಶುಮರಣ 2011ರಲ್ಲಿ 31 ಇದ್ದದ್ದು 2020ರಲ್ಲಿ 20ಕ್ಕೆ ಇಳಿದಿದೆ. ಅದರಲ್ಲಿ ಆಸ್ಪತ್ರೆಯ ಹೆರಿಗೆ, ರಸ್ತೆ, 108 ಆಂಬುಲೆನ್ಸ್ ಎಲ್ಲಕ್ಕೂ ಪಾಲಿದೆ. ಎಲ್ಲವನ್ನೂ ಒಂದೇ ಪ್ರಯೋಗದ ಖಾತೆಗೆ ಬರೆಯುವುದು ಪ್ರಾಮಾಣಿಕವಲ್ಲ. 39 ಹಳ್ಳಿಗಳಲ್ಲಿ ಶ್ರದ್ಧಾವಂತರು ಸಾಧಿಸಿದ್ದು ಆರು ಲಕ್ಷ ಹಳ್ಳಿಗಳಲ್ಲಿ ಸುತ್ತೋಲೆಯಿಂದ ಆಗುವುದಿಲ್ಲ ಎಂಬುದನ್ನು ಸಂಶೋಧಕರೂ ಅಧಿಕಾರಿಗಳೂ ಒಟ್ಟಿಗೆ ಒಪ್ಪಬೇಕು.

ಸ್ವತಂತ್ರ ಸಂಶೋಧನೆ ಎಂದಮಾತ್ರಕ್ಕೆ ಅದು ವೇದವಾಕ್ಯವಲ್ಲ. ಹಾವು ಕಡಿತದ ಲೆಕ್ಕವನ್ನು ಕೊಟ್ಟ ಅದೇ ಮಿಲಿಯನ್ ಡೆತ್ ಸ್ಟಡಿ, 2010ರಲ್ಲಿ ಮಲೇರಿಯಾದಿಂದ ವರ್ಷಕ್ಕೆ ಎಪ್ಪತ್ತು ವರ್ಷದೊಳಗಿನ 2,05,000 ಮಂದಿ ಸಾಯುತ್ತಾರೆಂದು ಹೇಳಿತು. ಆಗ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು ಕೇವಲ 15,000. ದೊಡ್ಡ ವಿವಾದವಾಯಿತು. ಜ್ವರದಿಂದ ಸತ್ತವರ ಮನೆಯವರು ಹೇಳುವ ಲಕ್ಷಣಗಳಿಂದ ಅದು ಮಲೇರಿಯಾವೋ ವಿಷಮಶೀತ ಜ್ವರವೋ ಬೇರೆ ಸೋಂಕೋ ಎಂದು ನಿರ್ಧರಿಸುವುದು ಕಷ್ಟ ಎಂಬ ಟೀಕೆಯಲ್ಲಿ ತಿರುಳಿತ್ತು. ಹಾವು ಕಡಿದದ್ದನ್ನು ಮನೆಯವರು ಸಾಮಾನ್ಯವಾಗಿ ತಪ್ಪು ತಿಳಿಯುವುದಿಲ್ಲ. ಜ್ವರದ ಹೆಸರನ್ನು ತಪ್ಪು ತಿಳಿಯಬಹುದು. ಒಂದೇ ವಿಧಾನ ಒಂದು ಕಡೆ ಗಟ್ಟಿಯಾಗಿಯೂ ಮತ್ತೊಂದು ಕಡೆ ಸಡಿಲವಾಗಿಯೂ ಇರಬಲ್ಲದು. ಆದರೂ ಆ ಪ್ರಬಂಧದ ಒಂದು ಮಾತನ್ನು ಬದಿಗಿಡುವಂತಿಲ್ಲ. ಅದು ಗುರುತಿಸಿದ ಸಾವುಗಳಲ್ಲಿ ಶೇ 86ರಷ್ಟು ಯಾವ ಆರೋಗ್ಯ ಕೇಂದ್ರದಲ್ಲಿಯೂ ಸಂಭವಿಸಿರಲಿಲ್ಲ. ಕಾಯಿಲೆಯ ಹೆಸರು ಏನೇ ಇರಲಿ, ರೋಗಿ ಆಸ್ಪತ್ರೆ ತಲುಪಲಿಲ್ಲ ಎಂಬುದರಲ್ಲಿ ವಿವಾದವಿರಲಿಲ್ಲ.

ಇನ್ನು ನಮ್ಮ ರಾಜ್ಯದ ಮಾತಿಗೆ ಬರೋಣ. ಕಡ್ಡಾಯ ವರದಿಯ ಆದೇಶ ಹೊರಡಿಸಿದ್ದು ಕರ್ನಾಟಕಕ್ಕೆ ಹೆಮ್ಮೆಯ ಸಂಗತಿ. ಖಾಸಗಿ ಆಸ್ಪತ್ರೆಗಳೂ ಈಗ ಲೆಕ್ಕ ಕೊಡಬೇಕಾಗಿದೆ. ಹೀಗೆ ವರದಿ ಕಡ್ಡಾಯವಾದಾಗ ದಾಖಲಾಗುವ ಸಂಖ್ಯೆ ಏರುವುದು ಸಹಜ. ಅದನ್ನು ನೋಡಿ ವಿರೋಧಪಕ್ಷದವರು ಸರ್ಕಾರದ ವೈಫಲ್ಯವೆಂದು ಕೂಗುವುದೂ, ಅದಕ್ಕೆ ಹೆದರಿ ಆಡಳಿತ ಸಂಖ್ಯೆಯನ್ನು ಒತ್ತಿ ಹಿಡಿಯುವುದೂ ನಮ್ಮಲ್ಲಿ ಹಳೆಯ ಚಾಳಿ. ಕತ್ತಲ ಕೋಣೆಯಲ್ಲಿ ದೀಪ ಹಚ್ಚಿದಾಗ ಧೂಳು ಕಾಣುತ್ತದೆ. ದೀಪ ಧೂಳನ್ನು ತಂದದ್ದಲ್ಲ. ಇನ್ನು ಕೆಲವು ವರ್ಷಗಳ ಕಾಲ ಏರುವ ಸಂಖ್ಯೆಯನ್ನು ಒಳ್ಳೆಯ ಲಕ್ಷಣವೆಂದೇ ತಿಳಿಯುವ ಪ್ರಬುದ್ಧತೆಯನ್ನು ಪತ್ರಿಕೆಗಳೂ ತೋರಬೇಕು.

ಆದರೆ ಆಸ್ಪತ್ರೆಗಳ ವರದಿ ಆಸ್ಪತ್ರೆಗೆ ಬಂದವರದ್ದು ಮಾತ್ರ. ನಾಟಿ ವೈದ್ಯರ ಮನೆಯಲ್ಲಿ, ದಾರಿಯಲ್ಲಿ, ಚಾಪೆಯ ಮೇಲೆ ಸತ್ತವರ ಲೆಕ್ಕ ಇನ್ನೂ ಹೊರಗೇ ಉಳಿಯುತ್ತದೆ. ಅದಕ್ಕೆ ಮನೆಗೆ ಹೋಗಿ ಕೇಳುವ ವಿಚಾರಣೆಯೇ ಬೇಕು. ಇದು ಸಂಶೋಧಕರ ಕುತೂಹಲದ ಪ್ರಶ್ನೆಯಷ್ಟೇ ಅಲ್ಲ. ಕೃಷಿ ಕೆಲಸದಲ್ಲಿ ಹಾವು ಕಡಿದು ಸತ್ತವರ ಕುಟುಂಬಕ್ಕೆ ನಮ್ಮ ರಾಜ್ಯದಲ್ಲಿ ಸರ್ಕಾರದ ಪರಿಹಾರ ಇದೆ. ಆದರೆ ಅದಕ್ಕೆ ಮರಣೋತ್ತರ ಪರೀಕ್ಷೆಯ ವರದಿಯೇ ಆಧಾರ. ನಾನು ಅಂದು ಬರೆದಂತಹ ‘ಹೊಟ್ಟೆನೋವು’ ಇಂದು ಯಾರಾದರೂ ಬರೆದರೆ, ಆ ವಿಧವೆಗೋ ಮಕ್ಕಳಿಗೋ ಬರಬೇಕಾದ ಹಣ ಆ ಒಂದು ಪದದಲ್ಲಿ ಮುಳುಗಿ ಹೋಗುತ್ತದೆ. ಹೆಣ ಕೊಯ್ಯುವ ಭಯದಿಂದ ಹಕ್ಕು ಕಳೆದುಕೊಳ್ಳುವವರು ಎಷ್ಟು ಮಂದಿ, ಜಮೀನಿಲ್ಲದ ಕೂಲಿಕಾರರಿಗೆ ಈ ಪರಿಹಾರ ಎಷ್ಟರಮಟ್ಟಿಗೆ ತಲುಪುತ್ತಿದೆ ಎಂಬುದನ್ನು ಯಾರಾದರೂ ಹಳ್ಳಿಗಳಲ್ಲಿ ಕುಳಿತು ಅಧ್ಯಯನ ಮಾಡಬೇಕು. ವಿಶ್ವವಿದ್ಯಾಲಯಗಳ ಸಮಾಜಶಾಸ್ತ್ರ, ಸಮಾಜಕಾರ್ಯ ವಿಭಾಗಗಳಿಗೆ ಇದಕ್ಕಿಂತ ಯೋಗ್ಯವಾದ ವಿಷಯ ಯಾವುದಿದೆ?

ಒಳ್ಳೆಯ ಸಾಮಾಜಿಕ ಸಂಶೋಧನೆ ಪ್ರಶ್ನೆಯನ್ನು ಒಂದು ಇಲಾಖೆಯ ಗೋಡೆಯೊಳಗೆ ಬಿಡುವುದಿಲ್ಲ. ಬಯಲುಸೀಮೆಯ ರೈತ ನಡುರಾತ್ರಿ ಟಾರ್ಚು ಹಿಡಿದು ಹೊಲಕ್ಕೆ ಹೋಗುವುದು ಹವ್ಯಾಸಕ್ಕಲ್ಲ; ತ್ರೀಫೇಸ್ ವಿದ್ಯುತ್ತು ರಾತ್ರಿ ಬರುವುದರಿಂದ. ಹಗಲು ಹೊತ್ತು ಕರೆಂಟು ಕೊಡಿ ಎಂದು ರೈತರು ವರ್ಷಗಳಿಂದ ಕೇಳುತ್ತಿರುವುದು ನಿದ್ದೆಯ ಆಸೆಗಷ್ಟೇ ಅಲ್ಲ. ಹಾಗಾದರೆ ಹಾವು ಕಡಿತವನ್ನು ತಡೆಯುವ ಔಷಧಿ ಆರೋಗ್ಯ ಇಲಾಖೆಯಲ್ಲಿ ಎಷ್ಟಿದೆಯೋ ಇಂಧನ ಇಲಾಖೆಯಲ್ಲಿಯೂ ಅಷ್ಟೇ ಇದೆ. ನೆಲದ ಮೇಲೆ ಮಲಗುವವನಿಗೆ ಮಂಚ ಮತ್ತು ಸೊಳ್ಳೆಪರದೆ, ಗದ್ದೆಗಿಳಿಯುವವನಿಗೆ ಗಟ್ಟಿ ಬೂಟು, ಹಿತ್ತಲಿನಲ್ಲಿ ಶೌಚಾಲಯ ಇವೆಲ್ಲವೂ ವಿಷಮದ್ದಿಗಿಂತ ಮೊದಲು ಬರುವ ಚಿಕಿತ್ಸೆಗಳು.

ಪರಿಹಾರ ಯಾವಾಗಲೂ ದುಬಾರಿಯಾಗಿರಬೇಕಿಲ್ಲ ಎಂಬುದಕ್ಕೆ ನೆರೆಯ ನೇಪಾಳ ಸಾಕ್ಷಿ. ಆ ದೇಶದ ಆಗ್ನೇಯ ಭಾಗದ ಹಳ್ಳಿಗಳಲ್ಲಿ ಸಂಶೋಧಕರು ಮೋಟಾರ್‌ಸೈಕಲ್ ಇದ್ದ ಸ್ವಯಂಸೇವಕರ ಜಾಲವನ್ನು ಕಟ್ಟಿದರು. ಹಾವು ಕಡಿದ ಕೂಡಲೇ ರೋಗಿಯನ್ನು ಬೈಕಿನಲ್ಲಿ ಚಿಕಿತ್ಸಾ ಕೇಂದ್ರಕ್ಕೆ ಸಾಗಿಸುವುದು, ಕಟ್ಟು ಕಟ್ಟುವ, ಗಾಯ ಕೊಯ್ಯುವ ಪದ್ಧತಿ ಬಿಡಿಸುವುದು, ಇಷ್ಟೇ ಕಾರ್ಯಕ್ರಮ. ಕಡಿತಕ್ಕೆ ಒಳಗಾದವರಲ್ಲಿ ಸಾಯುವವರ ಪ್ರಮಾಣ ಶೇ 10.5ರಿಂದ ಶೇ 0.5ಕ್ಕೆ ಇಳಿಯಿತು. 2013ರಲ್ಲಿ ಪ್ರಕಟವಾದ ಈ ಅಧ್ಯಯನ ತೋರಿಸಿದ್ದು, ಸಾವನ್ನು ತರುವುದು ವಿಷದಷ್ಟೇ ದಾರಿ ಎಂಬುದನ್ನು. ಮನೆಗೊಂದು ಬೈಕು ಬಂದಿರುವ ನಮ್ಮ ಹಳ್ಳಿಗಳಲ್ಲಿ ಪಂಚಾಯಿತಿಗಳು ಇದನ್ನು ಏಕೆ ಪ್ರಯತ್ನಿಸಬಾರದು?

ವಿಷಮದ್ದಿನ ಕಥೆಯೂ ಇನ್ನೂ ಮುಗಿದಿಲ್ಲ. ನಮ್ಮಲ್ಲಿ ದೊರೆಯುವ ವಿಷಮದ್ದು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸಮಂಡಲ ಎಂಬ ನಾಲ್ಕರ ವಿಷಕ್ಕೆ ತಯಾರಾದದ್ದು. ಅದಕ್ಕೆ ಬೇಕಾದ ವಿಷ ಬಹುಕಾಲದಿಂದ ಮುಖ್ಯವಾಗಿ ಚೆನ್ನೈ ಬಳಿಯ ಇರುಳರ ಸಹಕಾರ ಸಂಘದಿಂದ ಬರುತ್ತಿದೆ. ಒಂದೇ ಜಾತಿಯ ಹಾವಿನ ವಿಷವೂ ಪ್ರದೇಶದಿಂದ ಪ್ರದೇಶಕ್ಕೆ ಬೇರೆಯಾಗುತ್ತದೆ, ಆದ್ದರಿಂದ ಮದ್ದು ಎಲ್ಲೆಡೆ ಒಂದೇ ರೀತಿ ಕೆಲಸ ಮಾಡುವುದಿಲ್ಲ ಎಂಬುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ತಿಕ್ ಸುನಗರ್ ಮತ್ತು ಅವರ ತಂಡ ತೋರಿಸಿದೆ. ಪಶ್ಚಿಮಘಟ್ಟದ ಗುಳಿಮಂಡಲಗಳಿಗಂತೂ ಈ ಮದ್ದಿನ ರಕ್ಷಣೆಯೇ ಇಲ್ಲ. ಜಗಲಿಯ ಮೇಲಿನ ಸಮೀಕ್ಷೆಯೂ ಪ್ರಯೋಗಾಲಯದ ಪರೀಕ್ಷೆಯೂ ಒಂದನ್ನೊಂದು ಕೂಡಿಕೊಂಡಾಗ ಮಾತ್ರ ಮುಂದಿನ ಹೆಜ್ಜೆ ಸಾಧ್ಯ.

ಇಷ್ಟೆಲ್ಲ ಹೇಳಿದ ಮೇಲೆ ಇಂದಿನ ಒಂದು ಆತಂಕವನ್ನೂ ಹೇಳಬೇಕು. ಸ್ವತಂತ್ರ ಸಂಶೋಧನೆ ಎಂಬ ಗಿಡ ಬೇರೂರುವುದು ಅಧಿಕೃತ ಅಂಕಿ ಅಂಶಗಳ ನೆಲದಲ್ಲಿಯೇ. ಮಾದರಿ ನೋಂದಣಿಗೆ ಹಳ್ಳಿಗಳನ್ನು ಆಯುವುದು ಜನಗಣತಿಯ ಪಟ್ಟಿಯಿಂದ. 2021ರಲ್ಲಿ ನಡೆಯಬೇಕಿದ್ದ ಜನಗಣತಿ ನಡೆಯಲಿಲ್ಲ. ಹೊಸ ಗಣತಿಗೆ 2027ರ ಮಾರ್ಚ್ 1ನ್ನು ಆಧಾರ ದಿನವಾಗಿ ನಿಗದಿಪಡಿಸಲಾಗಿದೆ. ಅಂದರೆ ಒಂದೂವರೆ ದಶಕದಷ್ಟು ಹಳೆಯ ನಕಾಶೆ ಹಿಡಿದು ನಾವು ಇಂದಿನ ದೇಶವನ್ನು ಹುಡುಕುತ್ತ ಬಂದಿದ್ದೇವೆ. 2017-18ರ ಗೃಹ ಬಳಕೆ ವೆಚ್ಚದ ಸಮೀಕ್ಷೆಯನ್ನು ಗುಣಮಟ್ಟದ ಕಾರಣ ನೀಡಿ 2019ರಲ್ಲಿ ಸರ್ಕಾರ ತಡೆಹಿಡಿಯಿತು. ಗುಣಮಟ್ಟದಲ್ಲಿ ದೋಷವಿದ್ದಿರಬಹುದು. ಆದರೆ ದೋಷವನ್ನು ಪಂಡಿತರ ಮುಂದಿಟ್ಟು ಚರ್ಚಿಸುವುದು ಒಂದು ದಾರಿ. ವರದಿಯನ್ನೇ ಹೊರಗೆ ಬಿಡದಿರುವುದು ಇನ್ನೊಂದು. ಎರಡನೆಯ ದಾರಿ ಹಿಡಿದ ಸರ್ಕಾರ ತಾನು ನಿಜ ಹೇಳಿದಾಗಲೂ ನಂಬಿಕೆ ಕಳೆದುಕೊಳ್ಳುತ್ತದೆ.

ಸಂಶೋಧಕರ ಹೊಣೆಯೂ ಸಣ್ಣದಲ್ಲ. ಹಳ್ಳಿಯವರು ತಮ್ಮ ಮನೆಯ ಸಾವಿನ ಕಥೆಯನ್ನು ಅಪರಿಚಿತರ ಮುಂದೆ ಬಿಚ್ಚಿಡುತ್ತಾರೆ. ಅದು ಅಂಕಿಯಾಗಿ, ಇಂಗ್ಲಿಷಿನ ಪ್ರಬಂಧವಾಗಿ, ದೂರದ ಊರಿನ ಪತ್ರಿಕೆಯಲ್ಲಿ ಪ್ರಕಟವಾಗುತ್ತದೆ. ಆ ಮನೆಗೆ ಮರಳಿ ಹೋಗಿ, ‘ನೀವು ಹೇಳಿದ್ದರಿಂದ ನಮಗೆ ಇದು ತಿಳಿಯಿತು, ಇನ್ನು ಮುಂದೆ ಹೀಗೆ ಮಾಡಿ’ ಎಂದು ಕನ್ನಡದಲ್ಲಿ ಹೇಳುವವರು ಎಷ್ಟು ಮಂದಿ? ಮಹಾ ನೋಂದಣಾಧಿಕಾರಿಗಳ ಮೇಜಿನ ಮೇಲೆ ವರದಿ ತಲುಪಿದರೆ ಅರ್ಧ ಕೆಲಸವಾಯಿತು. ಗ್ರಾಮಸಭೆಯಲ್ಲಿ ಓದಿದರೆ ಮಾತ್ರ ಉಳಿದರ್ಧ.

ಸರ್ಕಾರ ಮಾಡಬಹುದಾದ ಕೆಲಸವೂ ಅಸಾಧ್ಯದ್ದಲ್ಲ. ವೈದ್ಯರಿಲ್ಲದೆ ಸಂಭವಿಸಿದ ಪ್ರತಿ ಸಾವಿನ ಮನೆಗೂ ತರಬೇತಾದವರು ಹೋಗಿ ವಿಚಾರಿಸುವ ಏರ್ಪಾಡು ಕೆಲವು ತಾಲ್ಲೂಕುಗಳಲ್ಲಾದರೂ ನಿರಂತರವಾಗಿ ನಡೆಯಲಿ. ಆ ಲೆಕ್ಕವನ್ನು ಆರೋಗ್ಯ ಇಲಾಖೆಯ ಕೈಕೆಳಗಿಡದೆ ವಿಶ್ವವಿದ್ಯಾಲಯವೊಂದಕ್ಕೆ ವಹಿಸಲಿ. ವರ್ಷಕ್ಕೊಮ್ಮೆ, ಇಂತಹ ದಿನ ಎಂದು ಮೊದಲೇ ಗೊತ್ತುಪಡಿಸಿ, ಯಾರ ಅನುಮತಿಗೂ ಕಾಯದೆ ಅದು ಪ್ರಕಟವಾಗಲಿ. ಹಾವು ಕಡಿತದ ಪರಿಹಾರಕ್ಕೆ ಹೆಣ ಕೊಯ್ಯುವುದೊಂದೇ ಸಾಕ್ಷಿಯಾಗದಂತೆ, ಇಂತಹ ವಿಚಾರಣೆಯ ವರದಿಯನ್ನೂ ಒಪ್ಪುವ ನಿಯಮ ಬರಲಿ. ಆಗ ದೊಡ್ಡಪ್ಪಂದಿರಿಗೆ ಸುಳ್ಳು ಬರೆಸುವ ಅಗತ್ಯವೇ ಇರುವುದಿಲ್ಲ.

ಕಳೆದ ವರ್ಷ ಊರಿಗೆ ಹೋದಾಗ, ಸತ್ತ ಆ ತಾಯಿಯ ಮಗ ಸಿಕ್ಕಿದ್ದರು. ಈಗ ಅವರಿಗೆ ಮೊಮ್ಮಕ್ಕಳಿದ್ದಾರೆ. ಅಂದು ನಾನು ಬರೆದದ್ದನ್ನು ನೆನಪಿಸಿ, ತಪ್ಪಾಯಿತು ಎಂದೆ. ಅವರು ನಕ್ಕು, ‘ಬಿಡಿ ಮೇಷ್ಟ್ರೇ, ಬರೆದಿದ್ರೆ ಅವ್ವ ಎದ್ದು ಬರ್ತಿದ್ಲಾ’ ಎಂದರು. ಆಕೆ ಬರುತ್ತಿರಲಿಲ್ಲ, ನಿಜ. ಆದರೆ ಅಂತಹ ನಲವತ್ತೈದು ಸಾವಿರ ಸಾವುಗಳನ್ನು ಸರಿಯಾಗಿ ಬರೆದಿದ್ದರೆ, ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ವಿಷಮದ್ದು ಇನ್ನಷ್ಟು ಬೇಗ ಬರುತ್ತಿತ್ತು. ಈ ಮಾತನ್ನು ಅವರಿಗೆ ಹೇಳುವುದು ನನಗೆ ಆಗಲಿಲ್ಲ. ಆದ್ದರಿಂದ ಇಲ್ಲಿ ಬರೆದಿದ್ದೇನೆ.